ಆಫರ್ ಲೆಟರ್ ಬಂದ ವಾರವೇ ಅಪ್ಪ ಹೋದರು

ಮೊನ್ನೆ ನನ್ನ ಕೆಲಸ ಖಾಯಂ ಆದ ಪತ್ರ ಬಂತು. ಅಪ್ಪನ ಕಾಗದಪತ್ರಗಳೂ ಒಂದೆರಡು ಬಿಟ್ಟು ಮುಗಿದಿವೆ. ಈ ಆರೇಳು ತಿಂಗಳು ಎರಡೂ ಒಟ್ಟಿಗೇ ನಡೆದವು. ಪಿಂಚಣಿ ಬಗ್ಗೆ ಕೇಳಿದರೆ ಹೇಳುವವರು ಸಿಗುತ್ತಾರೆ. ಗ್ಯಾಪ್ ಆದ ಮೇಲೆ ಕೆಲಸ ಹುಡುಕುವುದು ಹೇಗೆ ಅಂತ ಹೇಳುವವರೂ ಇದ್ದಾರೆ. ಎರಡೂ ಒಂದೇ ವಾರ ತಲೆ ಮೇಲೆ ಬಿದ್ದರೆ ಏನು ಮಾಡೋದು ಅಂತ ಹೇಳುವವರು ನನಗೆ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೆ. 2016ರಲ್ಲಿ ಎರಡನೇ ಮಗು ಹುಟ್ಟಿದಾಗ ಬಿಟ್ಟೆ. ಆಗ ನಾವು ವ್ಯಾಟ್, ಸರ್ವಿಸ್ ಟ್ಯಾಕ್ಸ್ ಅಂತಿದ್ದ ಕಾಲ. ಮರುವರ್ಷ ಜುಲೈ 1ಕ್ಕೆ ಜಿಎಸ್‌ಟಿ ಬಂತು, ನಾನು ಕಲಿತದ್ದರಲ್ಲಿ ಅರ್ಧ ಕಸದ ಬುಟ್ಟಿಗೆ ಹೋಯಿತು. ಒಂದು ವರ್ಷ ಬಿಟ್ಟು ಹೋಗೋಣ ಅಂದುಕೊಂಡೆ. ಅಷ್ಟರಲ್ಲಿ ಅತ್ತೆಗೆ ಪಾರ್ಶ್ವವಾಯು. ಆಮೇಲೆ ಕೊರೊನಾ. ಹೀಗೆ ಒಂಬತ್ತು ವರ್ಷ.

ಮತ್ತೆ ಹೊರಡಬೇಕು ಅಂತ ತೀರ್ಮಾನಿಸಿದ ಮೇಲೆ ಪರಿಚಯದ ಆಡಿಟರ್ ಆಫೀಸಿನಲ್ಲಿ ಕೆಲವು ತಿಂಗಳು ಅರ್ಧ ದಿನ ಕೂತೆ. ಸಂಬಳ ಇಲ್ಲ, ಬಸ್ ಚಾರ್ಜ್ ಸಹ ಕೈಯಿಂದ. ಆದರೆ ಜಿಎಸ್‌ಟಿಯ ರಿಟರ್ನ್‌ಗಳಾದ ಜಿಎಸ್‌ಟಿಆರ್-1, 3ಬಿ ಎರಡನ್ನೂ ಕೈಯಾರೆ ತುಂಬಿದೆ, ಲೆಕ್ಕ ಬರೆಯುವ ಟ್ಯಾಲಿ ಪ್ರೈಮ್ ಸಾಫ್ಟ್‌ವೇರ್ ರೂಢಿಯಾಯಿತು. ಇದೇ ದಾರಿಯಲ್ಲಿ ಇರುವವರಿಗೆ ನಾನು ಹೇಳೋದು ಇಷ್ಟೆ: ಸಾವಿರಾರು ರೂಪಾಯಿ ಕೊಟ್ಟು ಸರ್ಟಿಫಿಕೇಟ್ ಕೋರ್ಸ್ ಮಾಡುವುದಕ್ಕಿಂತ ಇದು ವಾಸಿ. ಇಂಟರ್‌ವ್ಯೂನಲ್ಲಿ ಗ್ಯಾಪ್ ಬಗ್ಗೆ ಕೇಳಿದರು, ಕೇಳೇ ಕೇಳುತ್ತಾರೆ. ಎರಡು ವಾಕ್ಯದಲ್ಲಿ ಹೇಳಿ ಮುಗಿಸಿ, ಆಮೇಲೆ ಕೆಲಸದ ಮಾತಿಗೆ ಬಂದೆ. ಇ-ಇನ್‌ವಾಯ್ಸ್, ಅಂದರೆ ಜಿಎಸ್‌ಟಿಯ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್, ಯಾರಿಗೆ ಕಡ್ಡಾಯ ಅಂದರು. 2023ರ ಆಗಸ್ಟ್‌ನಿಂದ 5 ಕೋಟಿ ವಹಿವಾಟು ದಾಟಿದವರಿಗೆ ಅಂದೆ. ಅಲ್ಲಿಗೆ ಗ್ಯಾಪ್ ಮಾತು ನಿಂತಿತು.

ಆ ಪಾಠಕ್ಕೆ ಅಪ್ಪನೂ ಮೇಷ್ಟ್ರು. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಾನು ಮತ್ತೆ ಓದುತ್ತಿದ್ದೇನೆ ಅಂತ ಗೊತ್ತಾದ ದಿನದಿಂದ ಪೇಪರಿನಲ್ಲಿ ಜಿಎಸ್‌ಟಿ ಅಂತ ಎಲ್ಲಿ ಕಂಡರೂ ಕತ್ತರಿಸಿ ಹಳೇ ಮದುವೆ ಕಾರ್ಡಿನ ಕವರಿನಲ್ಲಿ ಇಡುತ್ತಿದ್ದರು. 2025ರ ಸೆಪ್ಟೆಂಬರ್ 22ರಿಂದ ದರ ಬದಲಾದಾಗ ಬಂದ ಪಟ್ಟಿಯನ್ನೂ ಕತ್ತರಿಸಿದ್ದರು. ಬೆಣ್ಣೆ, ತುಪ್ಪ 12ರಿಂದ 5ಕ್ಕೆ ಅನ್ನುವ ಸಾಲಿಗೆ ಕೆಂಪು ಶಾಯಿಯ ಗೆರೆ. ಪಕ್ಕದಲ್ಲಿ 'ಗಮನಿಸು' ಅಂತ ಬರೆದಿದ್ದರು, ಉತ್ತರ ಪತ್ರಿಕೆ ತಿದ್ದುವಾಗ ಬರೆಯುತ್ತಿದ್ದ ಹಾಗೇ.

ಆಫರ್ ಲೆಟರ್ ಬಂದಾಗ ಅವರು ನಮ್ಮ ಮನೆಯಲ್ಲೇ ಇದ್ದರು, ದಸರಾ ನೋಡಲು ಬಂದಿದ್ದರು. ವಿಜಯದಶಮಿ ಕಳೆದು ಮೂರ್ನಾಲ್ಕು ದಿನಕ್ಕೆ ಉಸಿರಾಟ ಕಷ್ಟವಾಯಿತು. ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹೃದಯದ ತೊಂದರೆ ಅಂದರು. ಐಸಿಯುನಲ್ಲಿ ಎರಡು ರಾತ್ರಿ ಕಳೆದು ಬೆಳಗಿನ ಜಾವ ಹೋದರು. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಆದರೆ ಆ ಬೆಳಗ್ಗೆ ಆಸ್ಪತ್ರೆಯ ಕೌಂಟರಿನಲ್ಲಿ ಒಂದು ಫಾರ್ಮ್ ಕೊಡುತ್ತಾರೆ. ಸತ್ತವರ ಹೆಸರು, ಅವರ ತಂದೆ ತಾಯಿ ಹೆಸರು, ವಿಳಾಸ, ಆಧಾರ್ ನಂಬರ್. ಯಾರೋ ನೆಂಟರ ಕೈಗೆ ಕೊಟ್ಟು 'ತುಂಬಿಬಿಡಿ' ಅನ್ನಬೇಡಿ. ಅಲ್ಲಿ ಏನು ಬರೆಯುತ್ತೀರೋ ಅದೇ ಮರಣ ಪ್ರಮಾಣ ಪತ್ರಕ್ಕೆ ಹೋಗುತ್ತದೆ. ಅಳು ಬಂದರೂ ಸರಿ, ಆಧಾರ್ ಕಾರ್ಡ್ ಪಕ್ಕಕ್ಕಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ನಮ್ಮ ಕಡೆ ನನ್ನ ಗಂಡ ತುಂಬಿದರು, ನಾನು ಎರಡು ಸಲ ಓದಿದೆ.

ಇನ್ನೊಂದು ವಿಷಯ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಅಪ್ಪನ ಮಣ್ಣು ಆದದ್ದು ಊರಿನ ನಮ್ಮ ಹೊಲದಲ್ಲಿ, ಆದರೆ ಪ್ರಮಾಣ ಪತ್ರ ಮೈಸೂರು ಮಹಾನಗರ ಪಾಲಿಕೆಯದು. ಊರಲ್ಲಿ ಕೆಲವರು ಪಂಚಾಯ್ತಿಯಲ್ಲಿ ಮಾಡಿಸೋಣ ಅಂತಿದ್ದರು, ಅದು ಆಗುವುದಿಲ್ಲ. ಆಸ್ಪತ್ರೆಯವರೇ ವರದಿ ಕಳಿಸುತ್ತಾರೆ, ಆದರೂ ಕಳಿಸಿದರಾ ಅಂತ ವಿಚಾರಿಸುತ್ತಿರಿ. 21 ದಿನದೊಳಗೆ ನೋಂದಣಿಯಾದರೆ ಶುಲ್ಕ ಇಲ್ಲ, ಆಮೇಲೆ ದಂಡ, ಒಂದು ತಿಂಗಳು ದಾಟಿದರೆ ಮೇಲಧಿಕಾರಿಯ ಅನುಮತಿ ಅಂತ ಸುತ್ತಾಟ ಶುರು. ಮೊದಲ ಪ್ರತಿ ಉಚಿತ, ಹೆಚ್ಚಿನ ಪ್ರತಿಗೆ ಸಣ್ಣ ಶುಲ್ಕ. ಜಾಸ್ತಿಯೇ ತೆಗೆದುಕೊಳ್ಳಿ. ಜನನ ಮರಣ ನೋಂದಣಿಯ ಸರ್ಕಾರಿ ಪೋರ್ಟಲ್ ಇ-ಜನ್ಮದಲ್ಲಿ ಕ್ಯೂಆರ್ ಕೋಡ್ ಇರುವ ಪ್ರತಿ ಸಿಗುತ್ತೆ ನಿಜ. ಆದರೂ ಒಂದೊಂದು ಕೌಂಟರಿನಲ್ಲಿ ಸೀಲ್ ಹಾಕಿದ್ದೇ ಬೇಕು ಅನ್ನುವವರು ಈಗಲೂ ಇದ್ದಾರೆ.

ಊರಿಗೆ ಹೋದೆವು. ಮೂರನೇ ದಿನ ಹಾಲು ತುಪ್ಪ ಆಯಿತು. ಅವತ್ತು ಸಂಜೆ ಜಗಲಿ ಮೇಲೆ ಹನ್ನೊಂದನೇ ದಿನದ ತಿಥಿ, ಅಡುಗೆಯವರು, ಶಾಮಿಯಾನ ಎಲ್ಲ ಮಾತಾಡುತ್ತಾ, ಕಾಗದಪತ್ರದ ವಿಷಯಕ್ಕೆ ಬಂದರು. ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ದೊಡ್ಡಪ್ಪ ಸಲೀಸಾಗಿ ಹೇಳಿದರು: "ಅವನಿಗೆ ರಜೆ ಸಿಕ್ಕಲ್ಲ ಕಣವ್ವ. ಬ್ಯಾಂಕು, ತಾಲ್ಲೂಕು ಆಫೀಸು ಎಲ್ಲ ನೀನೇ ನೋಡ್ಕೊ. ನಿಂಗೇನು, ಮನೇಲೇ ಇರ್ತೀಯಲ್ಲ."

"ನಂಗೂ ಕೆಲಸ ಆಗಿದೆ ದೊಡ್ಡಪ್ಪ," ಅಂದೆ.

"ಇನ್ನೂ ಸೇರಿಲ್ವಲ್ಲ. ಮುಂದಿನ ವರ್ಷ ನೋಡ್ಕೊಂಡ್ರಾಯ್ತು."

ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಎಲ್ಲರಿಗೂ ಅದು ಸಹಜ ಅನ್ನಿಸಿತ್ತು, ಅಮ್ಮನಿಗೂ. ಕೆಲಸದಲ್ಲಿ ಇರುವವರಿಗೆ ಸಾವಿನ ಮನೆಯಲ್ಲಿ ರಜೆಯ ಲೆಕ್ಕ ಇದೆ. ಇನ್ನೂ ಸೇರದ ಕೆಲಸ ಯಾರ ಲೆಕ್ಕಕ್ಕೂ ಇಲ್ಲ. ಅದರಲ್ಲೂ ಹೆಂಗಸಿನದಾದರೆ ಕೇಳಲೇಬೇಡಿ. ನಾನು ಆಗ ಏನೂ ಮಾತಾಡಲಿಲ್ಲ. ರಾತ್ರಿ ಹಟ್ಟಿಯಲ್ಲಿ ಅಣ್ಣನನ್ನು ಕರೆದು ಹೇಳಿದೆ, ನಾನು ಕೆಲಸ ಬಿಡಲ್ಲ, ಇಬ್ಬರೂ ಹಂಚಿಕೊಳ್ಳೋಣ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಬರ್ಕೊ," ಅಂದ. ಮೈಸೂರು ಕಡೆಯ ಆಸ್ಪತ್ರೆ, ಪಾಲಿಕೆ, ಎಲ್‌ಐಸಿ ನನಗೆ. ಊರಿನ ಬ್ಯಾಂಕು, ಪಿಂಚಣಿ ಇಬ್ಬರಿಗೂ. ನಾಡಕಚೇರಿ, ಜಮೀನು ಅವನಿಗೆ. ಬರೆದಿದ್ದನ್ನು ಫೋಟೊ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಂಡೆವು. ಇದನ್ನು ತಿಥಿಗೆ ಮುಂಚೆಯೇ ಮಾಡಿ. ತಿಥಿ ಮುಗಿದ ಮಾರನೇ ದಿನ ಎಲ್ಲರೂ ಬಸ್ ಹತ್ತುತ್ತಾರೆ.

ಆಮೇಲೆ ಕಂಪನಿಯ ಎಚ್‌ಆರ್‌ಗೆ ಮೇಲ್ ಬರೆದೆ. ಅಪ್ಪ ತೀರಿಕೊಂಡರು, ಕಾರ್ಯ ಇಂಥ ದಿನ ಮುಗಿಯುತ್ತದೆ, ಇಂಥ ತಾರೀಕಿಗೆ ಸೇರುತ್ತೇನೆ, ಅಷ್ಟೇ. ದುಃಖ ವಿವರಿಸಲಿಲ್ಲ, 'ಸ್ವಲ್ಪ ಸಮಯ ಬೇಕು' ಅಂತ ಅರ್ಧಂಬರ್ಧ ಬಿಡಲೂ ಇಲ್ಲ. ತಾರೀಕು ಬರೆದರೆ ಅವರಿಗೂ ಒಪ್ಪುವುದು ಸುಲಭ. ಮಾರನೇ ದಿನ ಫೋನ್ ಮಾಡಿ ಆಗಲಿ ಅಂದರು, ತಿದ್ದಿದ ಆಫರ್ ಲೆಟರ್ ಕಳಿಸುತ್ತೇವೆ ಅಂದರು. ಅದನ್ನು ಕೇಳಿ ಪಡೆಯಿರಿ, ಬರೀ ಫೋನಿನ ಮಾತು ಸಾಲದು. ಖಾಸಗಿ ಕಂಪನಿಗಳಲ್ಲಿ ಮನೆಯ ಸಾವಿಗೆ ಪ್ರತ್ಯೇಕ ರಜೆ ಕೊಡಲೇಬೇಕು ಅನ್ನುವ ಕಾನೂನು ನಮ್ಮಲ್ಲಿಲ್ಲ, ಆಯಾ ಕಂಪನಿಯ ನಿಯಮ. ನಮ್ಮಲ್ಲಿ ಪ್ರೊಬೇಷನ್ ಅವಧಿಯಲ್ಲಿ ತಿಂಗಳಿಗೆ ಒಂದೇ ರಜೆ. ಸೇರುವ ಮುಂಚೆ ಇದನ್ನು ಕೇಳಿ ತಿಳಿದುಕೊಂಡದ್ದರಿಂದ ಬ್ಯಾಂಕಿನ ಓಡಾಟಕ್ಕೆ ಲೆಕ್ಕ ಹಾಕಿಕೊಳ್ಳಲು ಆಯಿತು.

ದೀಪಾವಳಿ ಆದ ಮೇಲೆ ಸೇರಿದೆ. ನಮಗೆ ಈ ವರ್ಷ ಹಬ್ಬ ಇರಲಿಲ್ಲ. ಆಫೀಸಿನಲ್ಲಿ ಯಾರೋ ಸ್ವೀಟ್ ಬಾಕ್ಸ್ ಮುಂದೆ ಹಿಡಿದರು, ತೆಗೆದುಕೊಂಡು ಡ್ರಾಯರಿನಲ್ಲಿಟ್ಟೆ. ಮೊದಲ ದಿನವೇ ಅದನ್ನು ಎಲ್ಲರಿಗೂ ಹೇಳುವ ಮನಸ್ಸಾಗಲಿಲ್ಲ.

ಕಷ್ಟವಾದದ್ದು ಫಾರ್ಮ್‌ಗಳು. ಪಿಎಫ್‌ನ ಫಾರ್ಮ್ 11ರಲ್ಲಿ 'ತಂದೆ ಅಥವಾ ಗಂಡನ ಹೆಸರು' ಅಂತ ಒಂದು ಸಾಲು. ಗಂಡನ ಹೆಸರು ಬರೆದರೂ ಆಗುತ್ತಿತ್ತು. ಆದರೆ 2016ಕ್ಕೆ ಮುಂಚಿನ ನನ್ನ ದಾಖಲೆಗಳಲ್ಲೆಲ್ಲ ಅಪ್ಪನ ಹೆಸರೇ ಇತ್ತು. ಪೆನ್ನು ಹಿಡಿದು ಕೂತೆ, 'ದಿವಂಗತ' ಅಂತ ಸೇರಿಸಬೇಕಾ? ಎಚ್‌ಆರ್‌ನ ಹುಡುಗಿ ಬಗ್ಗಿ ನೋಡಿ, "ಬರೀ ಹೆಸರು ಸಾಕು ಮೇಡಂ, ಮುಂದೆ ಏನಾದರೂ ಸೇರಿಸಿದರೆ ಸಿಸ್ಟಮ್ ತಗೊಳಲ್ಲ," ಅಂದಳು. ಅವಳಿಗೆ ವಿಷಯ ಗೊತ್ತಿತ್ತು. ಅವಳು ಅಷ್ಟು ಒಣದಾಗಿ ಹೇಳಿದ್ದೇ ಒಳ್ಳೆಯದಾಯಿತು. ನಾನು ಬರೆದೆ.

ಗ್ಯಾಪ್ ಆದ ಮೇಲೆ ಸೇರುವವರಿಗೆ ಯುಎಎನ್, ಅಂದರೆ ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್ ಬಗ್ಗೆ ಹೇಳಲೇಬೇಕು. ಹಳೇ ನಂಬರ್ ಇದ್ದರೆ ಅದನ್ನೇ ಕೊಡಿ, ಹೊಸದು ಮಾಡಿಸಬೇಡಿ. ನನ್ನದರಲ್ಲಿ ಎರಡು ತೊಡಕು ಬಂತು. ಹಳೇ ಕಂಪನಿ ನಾನು ಬಿಟ್ಟ ತಾರೀಕನ್ನು ಹಾಕಿಯೇ ಇರಲಿಲ್ಲ. ಅದನ್ನು ಈಗ ಪೋರ್ಟಲ್‌ನಲ್ಲಿ ನಾವೇ ಹಾಕಬಹುದು, ಆಧಾರ್‌ನ ಒಟಿಪಿ ಬರುತ್ತೆ, ಆಯಿತು. ಎರಡನೆಯದು ಹೆಸರು. ಯುಎಎನ್‌ನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅದರ ಪೂರ್ತಿ ಹೆಸರು. 2017ರ ಅಕ್ಟೋಬರ್‌ಗಿಂತ ಮುಂಚಿನ ಯುಎಎನ್ ಆದ್ದರಿಂದ ನಾನೊಬ್ಬಳೇ ತಿದ್ದುವಂತಿರಲಿಲ್ಲ, ಕಂಪನಿ ಒಪ್ಪಿ ಮುಂದೆ ಕಳಿಸಬೇಕಿತ್ತು. ಅದಕ್ಕೆ ವಾರಗಟ್ಟಲೆ ಹಿಡಿಯಿತು. ಕೆಲಸ ಹುಡುಕಲು ಶುರು ಮಾಡಿದ ದಿನವೇ ಇದನ್ನು ನೋಡಿಕೊಳ್ಳಿ. ಹಾಗೇ ನಾವು ಹೋದ ಮೇಲೆ ಪಿಎಫ್ ಹಣ ಯಾರಿಗೆ ಅಂತ ಬರೆಯುವ ನಾಮಿನೇಷನ್ ಕೂಡ. ಅಪ್ಪನ ಪೆಟ್ಟಿಗೆ ತಡಕಾಡಿದ ಮೇಲೆ ನಾನು ಮೊದಲು ಮಾಡಿದ ಕೆಲಸ ನನ್ನ ಇ-ನಾಮಿನೇಷನ್ ತುಂಬಿದ್ದು.

ಇನ್ನು ಪಿಂಚಣಿ. ಅಪ್ಪ ರಾಜ್ಯ ಸರ್ಕಾರದ ನಿವೃತ್ತ ನೌಕರರು, ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತೆ. ಕೊನೆಯ ಮೂಲ ವೇತನದ ಶೇ. 30, ಮೇಲೆ ತುಟ್ಟಿಭತ್ಯೆ. ಇದು ಮೊದಲು ಆಗಬೇಕಾದ ಕೆಲಸ, ಯಾಕಂದರೆ ಮನೆ ನಡೆಯೋದೇ ಅದರಿಂದ. ಪಿಪಿಒ (ಪಿಂಚಣಿ ಕೊಡುವ ಆದೇಶದ) ಪುಸ್ತಕ, ಮರಣ ಪ್ರಮಾಣ ಪತ್ರ, ಅಮ್ಮನ ಆಧಾರ್, ಪ್ಯಾನ್, ಪಾಸ್‌ಬುಕ್, ಫೋಟೊ ತೆಗೆದುಕೊಂಡು ಪಿಂಚಣಿ ಬರುತ್ತಿದ್ದ ಬ್ರಾಂಚಿಗೇ ಹೋಗಬೇಕು. ಪಿಪಿಒ ಎಲ್ಲಿದೆ ಅಂತ ಮನೆಯವರು ಬದುಕಿರುವಾಗಲೇ ಕೇಳಿಟ್ಟುಕೊಳ್ಳಿ. ನಮ್ಮದು ದೇವರ ಮನೆಯ ಮೇಲಿನ ಅಟ್ಟದ ಟ್ರಂಕಿನಲ್ಲಿ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ಗಳ ಕೆಳಗೆ ಸಿಕ್ಕಿತು.

ಒಬ್ಬ ನೆಂಟರು ಉಪದೇಶ ಮಾಡಿದರು, ಬ್ಯಾಂಕಿಗೆ ಹೇಳುವ ಮುಂಚೆ ಎಟಿಎಂನಲ್ಲಿ ಸಿಕ್ಕಷ್ಟು ತೆಗೆದುಬಿಡಿ ಅಂತ. ಬೇಡ. ತೀರಿಕೊಂಡ ದಿನದವರೆಗೆ ಮಾತ್ರ ಅಪ್ಪನ ಪಿಂಚಣಿ, ಆಮೇಲೆ ಬಿದ್ದದ್ದನ್ನು ಬ್ಯಾಂಕ್ ವಾಪಸ್ ಹಿಡಿಯುತ್ತದೆ. ಇಲ್ಲದ ತಕರಾರು ಮೈಮೇಲೆ ಎಳೆದುಕೊಂಡ ಹಾಗೆ.

ನಮಗೆ ತಡವಾದದ್ದು ಅಮ್ಮನ ಹೆಸರಿನಿಂದ. ಪಿಪಿಒದಲ್ಲಿ ತವರಿನಲ್ಲಿಟ್ಟ ಹೆಸರು. ಆಧಾರ್‌ನಲ್ಲಿ ಮದುವೆಯಾಗಿ ಬಂದ ಮೇಲೆ ಅತ್ತೆ ಮನೆಯವರು ಕರೆದ ಹೆಸರು. ಕೌಂಟರಿನಲ್ಲಿದ್ದವರು ಎರಡನ್ನೂ ನೋಡಿ, "ಇವರು ಯಾರು, ಅವರು ಯಾರು?" ಅಂದರು. ಅಮ್ಮ ಎದುರಿಗೇ ಕೂತಿದ್ದರು. "ಎರಡೂ ನಾನೇ ಕಣಪ್ಪ," ಅಂದರು. ಅಷ್ಟು ದಿನದಲ್ಲಿ ಮೊದಲ ಸಲ ಅಮ್ಮನಿಗೆ ನಗು ಬಂತು, ನನಗೂ. ಆದರೆ ಬ್ಯಾಂಕಿಗೆ ಅದು ಸಾಲದು. ನೂರು ರೂಪಾಯಿಯ ಇ-ಸ್ಟಾಂಪ್ ಪೇಪರಿನಲ್ಲಿ ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್, ನೋಟರಿ ಸಹಿ. ಟೈಪಿಂಗ್ ಎಲ್ಲ ಸೇರಿ ಐನೂರರ ಒಳಗೆ ಆಯಿತು. ಎರಡು ಮೂಲ ಪ್ರತಿ ಮಾಡಿಸಿ, ಎಲ್‌ಐಸಿಯಲ್ಲೂ ಕೇಳುತ್ತಾರೆ. ಬಾಕಿ ಸೇರಿಸಿ ಮೊದಲ ಕುಟುಂಬ ಪಿಂಚಣಿ ಬಿದ್ದದ್ದು ಸಂಕ್ರಾಂತಿ ಆದ ಮೇಲೆ. ಅಲ್ಲಿಯವರೆಗೆ ಅಮ್ಮನ ಕೈಗೆ ಖರ್ಚಿಗೆ ಏನಾದರೂ ಇರುವ ಹಾಗೆ ನೋಡಿಕೊಳ್ಳಬೇಕು. ನನ್ನ ಮೊದಲ ಸಂಬಳ ಅದಕ್ಕೇ ಆಯಿತು. ಇನ್ನು ಮುಂದೆ ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣ ಪತ್ರ ಅಮ್ಮ ಕೊಡಬೇಕು.

ಇವೆಲ್ಲಕ್ಕೂ ಬ್ಯಾಂಕ್ ತೆರೆದಿರುವ ಹೊತ್ತೇ ನನ್ನ ಆಫೀಸಿನ ಹೊತ್ತು. ನಮ್ಮ ಕೆಲಸದಲ್ಲಿ ತಿಂಗಳ 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಹಾಗಾಗಿ ಬ್ಯಾಂಕಿನ ಕೆಲಸವೆಲ್ಲ 21ರಿಂದ 28ರೊಳಗೆ ಅಂತ ಇಟ್ಟುಕೊಂಡೆ. ಮ್ಯಾನೇಜರಿಗೂ ಹಾಗೇ ಹೇಳಿದೆ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ರಜೆ. ಮೊದಲ, ಮೂರನೇ ಶನಿವಾರ ಅಣ್ಣ ಬಂದು ಹೋಗುತ್ತಿದ್ದ.

ಎಲ್‌ಐಸಿ ವಿಷಯ ನಮಗೆ ಗೊತ್ತೇ ಇರಲಿಲ್ಲ. ಟ್ರಂಕಿನಲ್ಲಿ ಅಪ್ಪನ ಹಳೇ ಜೀವನ್ ಆನಂದ್ ಬಾಂಡ್ ಸಿಕ್ಕಿತು. ಅವಧಿ ಮುಗಿದು ದುಡ್ಡೂ ಬಂದಾಗಿದೆ, ಇದೇನು ಪ್ರಯೋಜನ ಅಂತ ಅಮ್ಮ ಪಕ್ಕಕ್ಕೆ ಹಾಕಿದ್ದರು. ಆದರೆ ಆ ಪಾಲಿಸಿಯಲ್ಲಿ ಮೆಚ್ಯೂರಿಟಿ ಹಣ ಕೊಟ್ಟ ಮೇಲೂ ವಿಮೆ ಮುಂದುವರಿಯುತ್ತದೆ, ಪಾಲಿಸಿದಾರ ತೀರಿಕೊಂಡಾಗ ನಾಮಿನಿಗೆ ಮತ್ತೆ ಹಣ ಬರುತ್ತದೆ. ಎಷ್ಟು ಮನೆಗಳಲ್ಲಿ ಇಂಥ ಬಾಂಡ್ ಹಾಗೇ ಬಿದ್ದಿವೆಯೋ! ಹಳೇ ಕಾಗದ ಅಂತ ಯಾವುದನ್ನೂ ಬಿಸಾಡಬೇಡಿ. ಬ್ರಾಂಚಿಗೆ ಒಯ್ದು ತೋರಿಸಿ, ಕ್ಲೇಮ್ ಫಾರ್ಮ್ ಅವರೇ ಕೊಡುತ್ತಾರೆ.

ಅಪ್ಪನ ಸಿಮ್ ಕಾರ್ಡನ್ನೂ ತಕ್ಷಣ ನಿಲ್ಲಿಸಬೇಡಿ. ಅವರ ಖಾತೆಯಿಂದ ನಾವು ವ್ಯವಹಾರ ಮಾಡುವಂತಿಲ್ಲ, ಅದು ಬೇರೆ ಮಾತು. ಆದರೆ ಯಾವ ಬ್ಯಾಂಕಿನಲ್ಲಿ ಏನಿದೆ ಅಂತ ಮೆಸೇಜ್‌ಗಳಿಂದಲೇ ಗೊತ್ತಾಗುತ್ತದೆ. ಒಂದು ಎಫ್‌ಡಿ ನಮಗೆ ಗೊತ್ತಾದದ್ದು ಹಾಗೇ. ಪ್ಯಾನ್ ಸಹ ಹಾಗೇ ಇರಲಿ. ಅವರು ಬದುಕಿದ್ದ ದಿನಗಳ ಆದಾಯ ತೆರಿಗೆಗೆ ಬರುವಷ್ಟಿದ್ದರೆ ವಾರಸುದಾರರು ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ರಿಟರ್ನ್ ಹಾಕಬೇಕು. ಅಪ್ಪನದನ್ನು ನಾನೇ ಹಾಕುತ್ತೇನೆ.

ಆ ಫೋನನ್ನು ನಾನೇ ಚಾರ್ಜ್ ಮಾಡುತ್ತಿದ್ದೆ. ಅದರಲ್ಲಿ ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪು. ದಿನಾ ಬೆಳಗ್ಗೆ ಹೂವಿನ ಚಿತ್ರದ ಶುಭೋದಯ. ಅಪ್ಪನಿಗೆ ಶ್ರದ್ಧಾಂಜಲಿ ಹಾಕಿದವರೇ ಮಾರನೇ ದಿನ ಶುಭೋದಯ ಹಾಕಿದ್ದರು. ಮೊದಲು ಸಿಟ್ಟು ಬಂತು. ಆಮೇಲೆ ಬೆಳಗ್ಗೆ ಅದನ್ನು ತೆರೆದು ನೋಡುವುದು ನನಗೇ ಅಭ್ಯಾಸವಾಯಿತು.

ಮನಸ್ಸಿನ ವಿಷಯ ಕೇಳುತ್ತೀರಿ. ಆಫೀಸಿನಲ್ಲಿ ನಾನು ಸರಿಯಾಗೇ ಇದ್ದೆ. ಅಳು ಬರುತ್ತಿದ್ದದ್ದು ವಾಪಸ್ ಬರುವಾಗ, ಸ್ಕೂಟರಿನಲ್ಲಿ, ರಿಂಗ್ ರೋಡಿನ ಸಿಗ್ನಲ್ ಹತ್ತಿರ. ಹೆಲ್ಮೆಟ್ ಗಾಜು ಇಳಿಸಿಕೊಂಡರೆ ಯಾರಿಗೂ ಕಾಣಲ್ಲ. ಮನೆ ತಲುಪುವಷ್ಟರಲ್ಲಿ ಮುಗಿದಿರುತ್ತಿತ್ತು, ಮಕ್ಕಳಿಗೆ ತಿಂಡಿ ಮಾಡುತ್ತಿದ್ದೆ. 'ಕೆಲಸಕ್ಕೆ ಹೋದರೆ ಮರೆಯುತ್ತೆ' ಅಂತ ಹಲವರು ಹೇಳಿದರು. ಮರೆಯಲಿಲ್ಲ. ಆದರೆ ಆಫೀಸಿನಲ್ಲಿ ನನ್ನನ್ನು ಯಾರೂ ಅಯ್ಯೋ ಪಾಪ ಅಂತ ನೋಡುತ್ತಿರಲಿಲ್ಲ, ಬ್ಯಾಂಕ್ ರಿಕನ್ಸಿಲಿಯೇಷನ್ ಆಯ್ತಾ ಅಂತ ಕೇಳುತ್ತಿದ್ದರು. ಅದು ಬೇಕಿತ್ತು. ಡಿಸೆಂಬರ್‌ನಲ್ಲಿ ನಿದ್ದೆ ಪೂರ್ತಿ ಕೆಟ್ಟಿತು. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಿದರು. ಆ ಕಡೆಯ ಹೆಂಗಸು ಏನೂ ದೊಡ್ಡ ಉಪದೇಶ ಮಾಡಲಿಲ್ಲ. ಅಪ್ಪ ಹೋದ ಮೇಲೆ ಕಾಗದ, ಆಫೀಸು ಎರಡೂ ಇಲ್ಲದ ಒಂದು ದಿನ ನಿಮಗೆ ಸಿಕ್ಕಿತ್ತಾ ಅಂತ ಕೇಳಿದರು. ಸಿಕ್ಕಿರಲಿಲ್ಲ. ಆ ಭಾನುವಾರ ಊರಿಗೆ ಹೋಗಿ ಅಮ್ಮನ ಪಕ್ಕ ಸುಮ್ನೆ ಮಲಗಿದ್ದೆ. ಟ್ರಂಕ್ ಮುಟ್ಟಲಿಲ್ಲ.

ಆಫೀಸಿನಲ್ಲಿ ಮೊದಲೆರಡು ತಿಂಗಳು ನನಗಿಂತ ಹದಿನೈದು ವರ್ಷ ಚಿಕ್ಕವರ ಹತ್ತಿರ ಕೇಳಿ ಕೇಳಿ ಕಲಿತೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂತು, ಸೆಕ್ಷನ್ ನಂಬರ್‌ಗಳೆಲ್ಲ ಬದಲು. ಈಗ ಹಳಬರೂ ನನ್ನ ಹಾಗೇ ತಡಕಾಡುತ್ತಿದ್ದಾರೆ, ಸ್ವಲ್ಪ ಖುಷಿಯಾಯಿತು ಅಂದರೆ ತಪ್ಪು ತಿಳಿಯಬೇಡಿ.

ಉಳಿದಿರುವುದು ಪೌತಿ ಖಾತೆ, ಅಂದರೆ ಅಪ್ಪನ ಹೆಸರಿನಲ್ಲಿದ್ದ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಗ್ರಾಮ ಆಡಳಿತ ಅಧಿಕಾರಿ ಬಂದು ವಿಚಾರಿಸಿ ಹೋಗಿ, ಪತ್ರ ಕೈಗೆ ಬಂದಿದೆ. ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಇರಲೇಬೇಕು. ಬಿಟ್ಟು ಮಾಡಿಸೋಣ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ. ಜಮೀನು ಯಾರಿಗೆ ಅನ್ನುವುದು ಆಮೇಲಿನ ಮಾತು. ಖಾತೆ ಬದಲಾವಣೆಗೆ ಮುಂದಿನ ವಾರ ಯಾರಾದರೂ ಬರಬೇಕು ಅಂತ ಊರಿಂದ ಫೋನ್ ಬಂದಿತ್ತು. ದೊಡ್ಡಪ್ಪ ನನ್ನನ್ನೇ ಕೇಳಿದರು. ಅದು 20ನೇ ತಾರೀಕಿನ ವಾರ. ಅಣ್ಣ ರಜೆ ಹಾಕಿದ್ದಾನೆ.